ಬಾಲದ ಮೇಲೆ ಎರಡು ಸಾಲು

ವಾರ್ಷಿಕ ಪರೀಕ್ಷೆಯಲ್ಲಿ ಬೆಕ್ಕು ಮೇಷ್ಟ್ರು ಪ್ರಬಂಧಕ್ಕೆ ಕೊಟ್ಟ ವಿಷಯ, ‘ನನ್ನ ಬಾಲ’. ಅಳಿಲು, ಇಲಿ, ಓತಿಕ್ಯಾತ ಬರೆಯತೊಡಗಿದವು. ಬಾಲ ಕಳೆದುಕೊಂಡಿದ್ದ ಹಲ್ಲಿ ಎದ್ದು ನಿಂತಿತು.

“ಮೇಷ್ಟ್ರೇ, ನನಗೆ ಬೇರೆ ವಿಷಯ ಕೊಡಬಹುದೇ?”

“ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಅದು ನ್ಯಾಯವೇ? ಬರೆಯದಿದ್ದರೆ ಫೇಲು.”

ಹಲ್ಲಿ ಕುಳಿತು ಎರಡೇ ಸಾಲು ಬರೆದುಕೊಟ್ಟಿತು. ಗೇಲಿ ಮಾಡಲೆಂದೇ ಮೇಷ್ಟ್ರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು: “ಹೋದ ಸೋಮವಾರದವರೆಗೆ ನನಗೂ ಬಾಲವಿತ್ತು. ಅಡುಗೆಮನೆ ಕಿಟಕಿಯ ಹತ್ತಿರ ಮೇಷ್ಟ್ರು ನನ್ನ ಮೇಲೆ ಹಾರಿದಾಗ ಅದನ್ನು ಅವರ ಬಾಯಲ್ಲೇ ಬಿಟ್ಟು ಓಡಿದೆ.”

ಓದಿ ಮುಗಿಸುವಷ್ಟರಲ್ಲಿ ಅವರ ದನಿ ಉಡುಗಿತ್ತು. ತರಗತಿಯಲ್ಲಿ ಯಾರೂ ಬರೆಯುತ್ತಿರಲಿಲ್ಲ. ಮೇಷ್ಟ್ರು ತಮ್ಮ ಉದ್ದ ಬಾಲವನ್ನು ಮೈಯಡಿಗೆ ಎಳೆದುಕೊಂಡು, ತಲೆ ಎತ್ತದೆ ಕೇಳಿದರು.

“ಯಾವ ವಿಷಯ ಕೊಡಲಪ್ಪ?”

“ಬೇಡ ಮೇಷ್ಟ್ರೇ,” ಎಂದಿತು ಹಲ್ಲಿ. “ಬರೆದಾಯಿತಲ್ಲ.”