ಬದುಕಿ ಬಂದವನ ಪದಕ

"ಗುರುಗಳೇ, ದೇಶದ ಅತಿ ದೊಡ್ಡ ಶೌರ್ಯಪದಕ ಬದುಕಿದವರಿಗಿಂತ ಸತ್ತವರ ಪಾಲಿಗೇ ಹೆಚ್ಚು ಹೋಗುತ್ತದಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ರಾಜನಿದ್ದ. ಹೆಸರು ಕೇಳಬೇಡ, ಬೇಕೆಂದೇ ಮರೆತಿದ್ದೇನೆ. ಅವನ ಅಜ್ಜನ ಕಾಲದಲ್ಲಿ ಯುದ್ಧದಲ್ಲಿ ಮಡಿದವನ ಮನೆಗೆ ಹೊಲ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಎಂದು ಅದರ ಹೆಸರು. ಮೊಮ್ಮಗ ಹೂಡಿದ ಯುದ್ಧಗಳಿಗೆ ರಾಜ್ಯದ ಹೊಲವೆಲ್ಲ ಸಾಲದಾಯಿತು. ಆಗ ಮಂತ್ರಿ ಶತ್ರುವಿನ ಮುರಿದ ಫಿರಂಗಿ ಕರಗಿಸಿ ಪದಕ ಮಾಡಿಸಿದ. ಹೊಲಕ್ಕಿಂತ ಅಗ್ಗ, ಹೊಳಪು ಮಾತ್ರ ಜಾಸ್ತಿ. ಅದಕ್ಕೆ ತೂಕ ಬರಲೆಂದು ಒಂದು ಕಟ್ಟಳೆಯನ್ನೂ ಸೇರಿಸಿದ: ಪದಕ ಧರಿಸಿದವನು ಎದುರು ಬಂದರೆ ರಾಜನೂ ಎದ್ದು ಕೈಮುಗಿಯಬೇಕು, ಅವನು ಹೋಗುವ ತನಕ ಕೂರಬಾರದು.

ಮೊದಲ ಪದಕ ಒಬ್ಬ ಸೈನಿಕನಿಗೆ ಸಿಕ್ಕಿತು. ಕೋಟೆಯ ಹೊರಗೆ ಶತ್ರುವನ್ನು ತಡೆದು ನಿಂತ ತುಕಡಿಯಲ್ಲಿ ಉಳಿದವನು ಅವನೊಬ್ಬನೇ. ಕಾಲೊಂದು ಹೋಗಿತ್ತು. ಪದಕ ಸಿಕ್ಕ ಮರುದಿನವೇ ಅವನು ಅದನ್ನು ಹಾಕಿಕೊಂಡು ಆಸ್ಥಾನಕ್ಕೆ ಬಂದ. ರಾಜ ಎದ್ದು ಕೈಮುಗಿದ.

"ಮಹಾಸ್ವಾಮಿ, ನನ್ನ ಜೊತೆಯವರು ಕೋಟೆಬಾಗಿಲು ಬಡಿಯುತ್ತಲೇ ಸತ್ತರು. ಒಳಗಿನಿಂದ ಅಗಣಿ ತೆಗೆಯಬೇಡಿ ಅಂದವರು ಯಾರು?"

ಉತ್ತರ ಸಿಗದೆ ಸೈನಿಕ ಕದಲಲಿಲ್ಲ. ಸಂಜೆಯ ತನಕ ರಾಜ ನಿಂತೇ ಇರಬೇಕಾಯಿತು. ಮರುದಿನವೂ ಅದೇ ಪ್ರಶ್ನೆ. ಅದರ ಮರುದಿನವೂ ಅದೇ. ಸತ್ತ ಗೆಳೆಯರಿಗೆ ಉತ್ತರ ಕೊಡಿಸದೆ ತಾನು ಸಾಯಬಾರದು ಎಂಬುದೊಂದೇ ಅವನ ಹಟ.

ಪದಕ ಕಿತ್ತುಕೊಂಡರೆ ಜನ ಸುಮ್ಮನಿರುವುದಿಲ್ಲ ಎಂದು ಮಂತ್ರಿಗೆ ಗೊತ್ತು. ಇನ್ನೂ ದೊಡ್ಡ ಮರ್ಯಾದೆ ಮಾಡಿಬಿಟ್ಟ. ಸೈನಿಕ ಗಾಯದ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಾಗ, ಆ ವೀರ ಸತ್ತನೆಂದು ಡಂಗುರ ಹೊಡೆಸಿದ. ಬರಿಯ ಚಟ್ಟಕ್ಕೆ ಹೂವು ಹೊದಿಸಿ ಮೆರೆಸಿದರು. ವೀರಗಲ್ಲು ನೆಡಿಸಿದರು. ಅದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುತ್ತಿದ್ದರು. ರಾಜ ಎಲ್ಲರೆದುರು ಅತ್ತ. ಚೆನ್ನಾಗಿಯೇ ಅತ್ತನಂತೆ.

ಜ್ವರ ಬಿಟ್ಟ ಮೇಲೆ ಸೈನಿಕ ಅರಮನೆಗೆ ಬಂದ. ಕಾವಲುಗಾರ ಈಟಿ ಅಡ್ಡ ಹಿಡಿದ.

"ಸತ್ತವನ ಪದಕ ಕದ್ದು ಹಾಕಿಕೊಂಡಿದ್ದೀಯಲ್ಲೋ, ನಾಚಿಕೆಯಾಗುವುದಿಲ್ಲವೇನೋ? ಆ ಪುಣ್ಯಾತ್ಮ ಸ್ವರ್ಗ ಸೇರಿದ. ಕಲ್ಲಿನಲ್ಲೇ ಕೆತ್ತಿದ್ದಾರೆ, ಹೋಗಿ ನೋಡು!"

"ನಾನೇ ಕಣಯ್ಯಾ ಅವನು! ಸ್ವರ್ಗ ಸೇರಿದವನು ಊರುಗೋಲು ಕುಟ್ಟಿಕೊಂಡು ವಾಪಸು ಬರುತ್ತಾನೇನು?"

ಈಟಿ ಸರಿಯಲಿಲ್ಲ. ಸೈನಿಕ ಸಿಟ್ಟಿನಿಂದ ಕುದಿಯುತ್ತ ವೀರಗಲ್ಲಿನ ಬಳಿಗೆ ಹೋದ. ಊರವರೆಲ್ಲ ಅಲ್ಲಿ ಕಾಯಿ ಒಡೆಯುತ್ತಿದ್ದರು. ಅವನು ಅವರ ನಡುವೆ ನಿಂತು ಕೂಗಿದ: "ನೋಡಿರಪ್ಪಾ, ನಾನು ಬದುಕಿದ್ದೇನೆ. ಆ ದಿನ ನೀವೆಲ್ಲ ಕೋಟೆಯ ಒಳಗೇ ಇದ್ದಿರಿ. ನಾವು ಬಾಗಿಲು ಬಡಿದದ್ದು ನಿಮ್ಮ ಕಿವಿಗೂ ಬಿತ್ತಲ್ಲವೇ?"

ಹಿಂದಿನಿಂದ ಯಾರೋ, "ವೀರನಿಗೆ ಅವಮಾನ!" ಎಂದ. ಮೊದಲ ಕಲ್ಲು ಬಿತ್ತು. ಆಮೇಲೆ ಕಲ್ಲಿನ ಮಳೆಯೇ ಬಿತ್ತು. ಸೈನಿಕ ತನ್ನ ವೀರಗಲ್ಲಿನ ಬುಡದಲ್ಲೇ ಸತ್ತ.

ಶಿಷ್ಯ ಹಲ್ಲು ಕಚ್ಚಿದ. "ಥೂ! ಅಷ್ಟು ಜನರಲ್ಲಿ ಒಬ್ಬನಿಗೂ ಅವನ ಗುರುತು ಸಿಗಲಿಲ್ಲವೇ?"

ಗುರುಗಳು ಹೇಳಿದರು: "ಎಲ್ಲರಿಗೂ ಸಿಕ್ಕಿತು, ಅದಕ್ಕೇ ಕಲ್ಲುಗಳು ಅಷ್ಟು ಜೋರಾಗಿ ಬಿದ್ದವು."