ಪಕ್ಕೆಲುಬಿನ ಮರೆ

“ಸರ್, ಹೊರಗೆ ಕೂತಿರುವ ಈ ರೋಗಿ ಆರು ತಿಂಗಳಿಗೊಮ್ಮೆಯಂತೆ ಐದು ಸಲ ನನ್ನ ಬಳಿಗೇ ಬಂದಿದ್ದಾರೆ. ಐದು ಸಲವೂ ಏನೂ ಇಲ್ಲ. ಆರನೆಯ ಸಲವೂ ಪೂರ್ತಿ ನೋಡಲೇಬೇಕೆ?” ಎಂದು ನಾಗವೇಣಿ ಕೇಳಿದಳು. ಸ್ಕ್ಯಾನಿಂಗ್ ಕಲಿಯಲು ಬಂದು ಅವಳಿಗೆ ಮೂರು ವರ್ಷ ತುಂಬುತ್ತಿತ್ತು.

ಗುರುಗಳು ಕುರ್ಚಿ ಎಳೆದುಕೊಂಡು ಕುಳಿತು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಹೆಂಡದ ವಾಸನೆಯೂ ಗೊತ್ತಿಲ್ಲದವನು. ಎಂದೋ ಒಳಹೊಕ್ಕ ಕಾಮಾಲೆಯ ವೈರಸ್ ಅವನ ಯಕೃತ್ತನ್ನು ಗಂಟುಗಂಟಾಗಿಸಿ ಸಿರೋಸಿಸ್ ತಂದಿತ್ತು. ಅಂಥ ಯಕೃತ್ತಿನಲ್ಲಿ ಕ್ಯಾನ್ಸರ್ ಯಾವಾಗ ಬೇಕಾದರೂ ಮೊಳೆಯಬಹುದು. ಚಿಕ್ಕದಿರುವಾಗಲೇ ಸಿಕ್ಕರೆ ಆಳು ಉಳಿಯುತ್ತಾನೆ. ಅದಕ್ಕೇ ಅವನು ಆರು ತಿಂಗಳಿಗೊಮ್ಮೆ ಮಗ್ಗ ನಿಲ್ಲಿಸಿ, ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿ ಬರುತ್ತಿದ್ದ.

ಸ್ಕ್ಯಾನ್ ಮಾಡುವ ವೈದ್ಯ ಮಹಾ ಚುರುಕು. ಏಳನೆಯ ಸಲ ಅವನು ಮೊದಲು ಹಳೆಯ ವರದಿ ತೆರೆದು ತಾರೀಖು ಮಾತ್ರ ತಿದ್ದಿದ, ಆಮೇಲೆ ನೇಕಾರನನ್ನು ಮಲಗಿಸಿದ. ಜೆಲ್ ಹಚ್ಚಿ, ಕಾಟಾಚಾರಕ್ಕೆ ನಾಲ್ಕು ಕಡೆ ಕೈಯಾಡಿಸಿ, ಮುಗಿಯಿತು ಏಳು ಎಂದ.

ನೇಕಾರ ಏಳಲಿಲ್ಲ. “ಸಾಹೇಬ್ರ, ಪ್ರತಿ ಸಲ ಎಡಮಗ್ಗಲಾಗು, ಉಸಿರು ಬಿಗಿಹಿಡಿ ಅಂತಿದ್ರಿ. ಇವತ್ತ ಯಾಕ ಅನಲಿಲ್ರಿ?”

ವೈದ್ಯನಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. “ಆತಪ್ಪ, ಹೊರಳು. ಉಸಿರು ಎಳಕೋ, ಹಿಡಕೋ” ಎಂದ.

ನೇಕಾರ ಎದೆ ತುಂಬ ಉಸಿರೆಳೆದ. ಪಕ್ಕೆಲುಬಿನ ಮರೆಯಲ್ಲಿ ಅಡಗಿದ್ದ ಯಕೃತ್ತಿನ ನೆತ್ತಿ ಕೆಳಗಿಳಿದು ತೆರೆಯ ಮೇಲೆ ಕಂಡಿತು. ಅಲ್ಲಿತ್ತು! ಕಡಲೆಕಾಳಿನಷ್ಟು ಕಪ್ಪು ಚುಕ್ಕೆ, ಹಿಂದಿನ ಆರು ಸಲವೂ ಇಲ್ಲದ್ದು. ವೈದ್ಯನಿಗೆ ಭಯವೂ ಆಯಿತು, ಖುಷಿಯೂ ಆಯಿತು. ಕಳ್ಳ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ! ವೈದ್ಯ ಎದ್ದು ಓಡಿ ಹಿರಿಯ ವೈದ್ಯರನ್ನು ಕೈಹಿಡಿದು ಎಳೆತಂದ. ಸಿ.ಟಿ. ಮಾಡಿಸಿದರು. ಕ್ಯಾನ್ಸರೇ. ಚರ್ಮದ ಮೂಲಕ ಸೂಜಿ ತೂರಿಸಿ, ಅದರ ತುದಿಯ ಕಾವಿನಿಂದ ಆ ಗಂಟನ್ನು ಸುಟ್ಟರು. ತಿಂಗಳು ಕಳೆಯುವುದರೊಳಗೆ ನೇಕಾರ ಮಗ್ಗದ ಮುಂದೆ ಕುಳಿತಿದ್ದ.

ನಾಗವೇಣಿ ಖುಷಿಯಿಂದ ಕೈ ತಟ್ಟಿದಳು. “ಸದ್ಯ, ಆ ನೇಕಾರ ಬಾಯಿಬಿಟ್ಟು ಕೇಳಿದನಲ್ಲ ಸರ್! ನನ್ನ ರೋಗಿ ಐದು ಸಲವೂ ಒಂದು ಮಾತು ಆಡಿಲ್ಲ.”

ಗುರುಗಳೆಂದರು: “ಅವರು ಐದು ಸಲ ಬಂದರು, ಸರಿ, ನೀನು ಎಷ್ಟು ಸಲ ನೋಡಿದೆಯಮ್ಮ?”