ಕೋಡೊಲೆಯ ಕಂಡಿ

"ಗುರುಗಳೇ, ನಾನು ಕಷ್ಟಪಟ್ಟು ಕಲಿತದ್ದನ್ನು ಸುಮ್ಮನೆ ಕುಳಿತವನಿಗೆ ಯಾಕೆ ಹೇಳಿಕೊಡಬೇಕು?"

ಕೇಳಿದವನು ಮಠದ ಹಿರಿಯ ಶಿಷ್ಯ ಚೆನ್ನವೀರ. ಹಿರಿಯರು ಕಿರಿಯರಿಗೆ ಪಾಠ ಹೇಳಿಕೊಡುವುದು ಅಲ್ಲಿನ ವಾಡಿಕೆ. ಕೆಲವು ದಿನಗಳಿಂದ ಅವನು ಅದನ್ನು ನಿಲ್ಲಿಸಿದ್ದ. ಅಂದಿನಿಂದ ಅವನಿಗೇ ಪಾಠ ತಲೆಗೆ ಹತ್ತುತ್ತಿರಲಿಲ್ಲ. ನಿದ್ದೆಗೆಟ್ಟು ಓದಿ ಓದಿ ಕಣ್ಣು ಕೆಂಪಾಗಿತ್ತು. ಅದನ್ನು ಮಾತ್ರ ಗುರುಗಳಿಗೆ ಹೇಳಲಿಲ್ಲ.

"ಕೂತುಕೋ. ಅಡುಗೆಮನೆಯ ಕತೆ ಎಂದು ಮೂಗು ಮುರಿಯಬೇಡ" ಎಂದು ಗುರುಗಳು ಶುರುಮಾಡಿದರು.

ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರು. ಅಡುಗೆಮನೆಯಲ್ಲಿ ಮಣ್ಣಿನ ಒಲೆ ಒಂದೇ, ಅದರ ಬೆನ್ನಿಗೆ ಒಂದು ಕೋಡೊಲೆ. ಕೋಡೊಲೆಗೆ ಸೌದೆ ಇಡುವ ಬಾಯಿಲ್ಲ. ಮುಂದಿನ ಒಲೆಯ ಉರಿಯೇ ಒಳಗಿನ ಕಂಡಿಯಿಂದ ನುಗ್ಗಿ ಅದರ ಮೇಲಿನ ಪಾತ್ರೆಯನ್ನು ಬೇಯಿಸಬೇಕು.

ಸೊಸೆಯಂದಿರಿಗೆ ಏನೋ ಮಾತಿಗೆ ಮಾತು ಬೆಳೆದು ಅಡುಗೆ ಬೇರೆಯಾಯಿತು. ಆದರೂ ಕಿರಿಯಳ ಬೇಳೆ ಕೋಡೊಲೆಯ ಮೇಲೆ ಬೇಯುತ್ತಲೇ ಇತ್ತು. ಹಿರಿಯಳಿಗೆ ಹೊಟ್ಟೆ ಉರಿಯಿತು. ಸೌದೆ ತರುವವಳು ನಾನು, ಊದುವವಳು ನಾನು, ಇವಳಿಗೆ ಬಿಟ್ಟಿ ಬೆಂಕಿ ಬೇರೆ ಕೇಡು ಎಂದುಕೊಂಡಳು. ಒಂದು ಸಂಜೆ ಕೆಮ್ಮಣ್ಣು ಕಲಸಿ ಆ ಕಂಡಿಯನ್ನು ಮೆತ್ತಿ ಮುಚ್ಚಿಬಿಟ್ಟಳು. ಕಿರಿಯಳು ಜಗಳಕ್ಕೆ ಬರಲಿಲ್ಲ. ಬೇಳೆಯ ಪಾತ್ರೆಯನ್ನು ಹಿತ್ತಲಿಗೆ ಒಯ್ದು, ಅಲ್ಲಿ ಮೂರು ಕಲ್ಲು ಹೂಡಿ, ರೊಟ್ಟಿ ಬೇಯಿಸಿಕೊಂಡು, ಕೆಂಡದಲ್ಲಿ ಬದನೆಕಾಯಿ ಸುಟ್ಟುಕೊಂಡಳು.

ಮಾರನೆಯ ದಿನ ಹಿರಿಯಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದೊಮ್ಮೆ ಕೂಡಿಬಂದ ಸಂಬಂಧ ತಪ್ಪಿತ್ತು. ಇದಾದರೂ ಕೈತಪ್ಪಬಾರದು ಎಂದು ತಾಯಿಯ ಜೀವ ಹೊಡೆದುಕೊಳ್ಳುತ್ತಿತ್ತು. ನೆಂಟರ ಅನ್ನಕ್ಕೆಂದು ದೊಡ್ಡ ತಪ್ಪಲೆ ಇಟ್ಟಳು. ಅದು ಒಲೆಯ ಮೇಲ್ಬಾಯನ್ನು ಪೂರಾ ಮುಚ್ಚಿತು. ಉರಿ ಏಳಲೊಲ್ಲದು, ಹೊಗೆ ತಿರುಗಿ ಅವಳ ಮುಖಕ್ಕೇ ಬಂತು. ಸೌದೆ ಹಸಿ ಎಂದು ಬೈದಳು, ಬೇರೆ ಸೌದೆ ಇಟ್ಟಳು, ಊದಿ ಊದಿ ಸುಸ್ತಾದಳು. ಕಣ್ಣು ಕೆಂಪಾಗಿ ನೀರು ಸುರಿಯಿತು. ಅಕ್ಕಿ ಅಕ್ಕಿಯಾಗಿಯೇ ಇತ್ತು. ಅಷ್ಟರಲ್ಲಿ ಗಾಡಿ ಬಾಗಿಲಿಗೆ ಬಂತು. ಪಾಪ, ಒಲೆಯ ಮುಂದೆ ಕುಳಿತು ಅತ್ತೇಬಿಟ್ಟಳು.

ಹೊಗೆ ಕಂಡು ಕಿರಿಯಳು ಹಿತ್ತಲಿನಿಂದ ಓಡಿಬಂದಳು. ಬಗ್ಗಿ ನೋಡಿದರೆ ಕಂಡಿಗೆ ಮೆತ್ತಿದ ಮಣ್ಣು ಹಾಗೆಯೇ ಇತ್ತು.

"ಅಕ್ಕಾ, ನನ್ನ ಬೇಳೆ ಹಾಗಿರಲಿ. ನಿನ್ನ ಹೊಗೆ ಎಲ್ಲಿಂದ ಹೋಗಬೇಕು?" ಎಂದಳು.

ಹಿರಿಯಳು ಸೌಟಿನ ಹಿಡಿಯಿಂದ ಕುಟ್ಟಿ ಕುಟ್ಟಿ ತಾನೇ ಆ ಮಣ್ಣನ್ನು ಒಡೆದಳು. ಹೊಗೆ ಹಿಂದಕ್ಕೆ ಸರಿಯಿತು, ಉರಿ ಭಗ್ಗನೆ ಎದ್ದಿತು. ಕಿರಿಯಳು ಆಗಷ್ಟೇ ಮಾಡಿದ್ದ ತನ್ನ ರೊಟ್ಟಿಯನ್ನೂ ಸುಟ್ಟ ಬದನೆಕಾಯಿಯ ಗೊಜ್ಜನ್ನೂ ನೆಂಟರಿಗೆ ಕೊಟ್ಟು ಮಾತಾಡಿಸುತ್ತಿರುವಷ್ಟರಲ್ಲಿ ಅನ್ನವಾಯಿತು. ಆಮೇಲೆ ಹಿರಿಯಳು ಹಿತ್ತಲಿಗೆ ಹೋಗಿ, ಕಿರಿಯಳ ಬೇಳೆಯ ಪಾತ್ರೆಯನ್ನು ತಂದು ಕೋಡೊಲೆಯ ಮೇಲಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ಸಂಬಂಧ ಕುದುರಿತೇ ಎಂದು ಚೆನ್ನವೀರ ಕೇಳಿದ. ಗುರುಗಳು ಅವನ ಮುಖವನ್ನೇ ನೋಡಿದರು.

"ಅದು ಕುದುರಿತು ಬಿಡು. ನಿನ್ನ ಕಣ್ಣು ಯಾಕಪ್ಪ ಕೆಂಪಾಗಿದೆ?"